ಸ್ಯಾನ್ ಫ್ರಾನ್ಸಿಸ್ಕೋದಿಂದ ಬೀಚನಹಳ್ಳಿಗೆ ಎಷ್ಟು ಹೊತ್ತು?

ನಮ್ಮ ಕಡೆ ಹಿರಿಯರೊಬ್ಬರು ತೀರಿಕೊಂಡು, ಅವರ ಮಗನೋ ಮಗಳೋ ಅಮೆರಿಕದಲ್ಲಿದ್ದರೆ, ಮನೆ ಮುಂದಿನ ಶಾಮಿಯಾನದ ಕೆಳಗೆ ಎಲ್ಲರೂ ಕೇಳುವ ಮಾತು ಒಂದೇ: "ಎಷ್ಟು ಹೊತ್ತಿಗೆ ಬತ್ತಾರಂತೆ?"

ಆ ಒಂದು ಮಾತಿನ ಮೇಲೆ ಎಲ್ಲವೂ ನಿಂತಿರುತ್ತದೆ. ಫ್ರೀಜರ್ ಪೆಟ್ಟಿಗೆ ತರಿಸಬೇಕೋ ಬೇಡವೋ, ಮಣ್ಣು ಇವತ್ತೋ ನಾಳೆಯೋ, ದೂರದ ನೆಂಟರನ್ನು ನಿಲ್ಲಿಸಿಕೊಳ್ಳಬೇಕೋ ಕಳಿಸಬೇಕೋ. ಯಾರೋ ಒಬ್ಬ ಹುಡುಗ ಫೋನ್ ತೆಗೆದು ನೋಡಿ "ಹದಿನೇಳು ಗಂಟೆ ತೋರಿಸ್ತಿದೆ" ಅನ್ನುತ್ತಾನೆ. ಹಿರಿಯರು ಬೆರಳು ಮಡಚಿ ಲೆಕ್ಕ ಹಾಕುತ್ತಾರೆ. ಹದಿನೇಳು ಗಂಟೆ ಕಳೆಯುತ್ತದೆ, ಇಪ್ಪತ್ತಾಗುತ್ತದೆ, ಮಗ ಇನ್ನೂ ಬಂದಿರುವುದಿಲ್ಲ.

ಫೋನ್ ಹೇಳಿದ್ದು ಸುಳ್ಳಲ್ಲ. ಅದು ಹೇಳಿದ್ದು ಒಂದು ವಿಮಾನ ನಿಲ್ದಾಣದಿಂದ ಇನ್ನೊಂದು ವಿಮಾನ ನಿಲ್ದಾಣದ ಲೆಕ್ಕ. ಊರಿನವರು ಕೇಳಿದ್ದು ಮನೆಯಿಂದ ಮನೆಯ ಲೆಕ್ಕ. ಈ ಎರಡರ ನಡುವಿನ ವ್ಯತ್ಯಾಸ ಏನು, ಅದು ಎಲ್ಲಿಂದ ಬಂತು ಅಂತ ಈ ಸಲ ಬರೆಯೋಣ ಅಂದುಕೊಂಡೆವು. ಹಳೆಯ ಕಥೆ ಹುಡುಕಿಕೊಂಡು ಹೊರಟರೆ ಅದು ನಮ್ಮನ್ನು ಬಳ್ಳಾರಿಗೆ ಕರೆದುಕೊಂಡು ಹೋಯಿತು.

ಬಳ್ಳಾರಿಯಲ್ಲಿ ಇಳಿದ ಟಪಾಲು

ವಿಮಾನ ಬರುವ ಮೊದಲು ಪರದೇಶ ಅಂದರೆ ಹಡಗು. ಸೂಯೆಜ್ ಕಾಲುವೆ 1869ರಲ್ಲಿ ತೆರೆಯುವವರೆಗೆ ಮುಂಬೈಯಿಂದ ಲಂಡನ್ನಿಗೆ ಹೋಗುವ ಹಡಗು ಆಫ್ರಿಕಾ ಖಂಡವನ್ನೇ ಸುತ್ತಬೇಕಿತ್ತು. ಕಾಲುವೆ ಬಂದ ಮೇಲೆ ಆ ದಾರಿ ಸಾವಿರಾರು ಕಿಲೋಮೀಟರ್ ಕಡಿಮೆಯಾಯಿತು. ಆದರೂ ವಾರಗಳೇ ಬೇಕಿತ್ತು. 1936ರಲ್ಲಿ ವಿ.ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಓದಲು ಹೋದದ್ದು ಹಡಗಿನಲ್ಲೇ. ಸಮುದ್ರದ ಮೇಲೆ ಅವರು ಬರೆದ ಕವಿತೆಗಳು ಒಂದು ಸಂಕಲನವನ್ನೇ ತುಂಬಿದವು. ಆ ಕಾಲದಲ್ಲಿ ಊರಲ್ಲಿ ಸಾವಾದರೆ ಹಡಗಿನಲ್ಲಿದ್ದವರು ಮಣ್ಣಿಗೆ ಬರುವ ಮಾತೇ ಇರಲಿಲ್ಲ. ಸುದ್ದಿ ಮುಟ್ಟಿದರೆ ಸಾಕು ಅನ್ನುವ ಸ್ಥಿತಿ.

ಟಪಾಲನ್ನು ಬೇಗ ಮುಟ್ಟಿಸುವ ಕೆಲಸಕ್ಕೆ ವಿಮಾನ ಬಂತು. ಬ್ರಿಟಿಷರ ಇಂಪೀರಿಯಲ್ ಏರ್‌ವೇಸ್ 1929ರ ಮಾರ್ಚಿನಲ್ಲಿ ಲಂಡನ್ನಿನಿಂದ ಕರಾಚಿಗೆ ಟಪಾಲು ತರಲು ಶುರು ಮಾಡಿತು. ಅದಕ್ಕೆ ಸುಮಾರು ಏಳು ದಿನ. ಕರಾಚಿಯಿಂದ ಈಚೆಗೆ ದಕ್ಷಿಣಕ್ಕೆ ತರುವ ಕೆಲಸವನ್ನು ಟಾಟಾ ಕಂಪನಿ ವಹಿಸಿಕೊಂಡಿತು.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಪುಸ್ ಮಾತ್ ಅನ್ನುವ ಒಂದೇ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಟಪಾಲಿನ ಚೀಲ ಹಾಕಿಕೊಂಡು ಕರಾಚಿಯಿಂದ ಹೊರಟರು. ಅಹಮದಾಬಾದಿನಲ್ಲಿ ಇಳಿದಾಗ ಪೆಟ್ರೋಲ್ ಡಬ್ಬಗಳು ಬಂದದ್ದು ಎತ್ತಿನ ಗಾಡಿಯಲ್ಲಿ. ಅಲ್ಲಿಂದ ಮುಂಬೈ. ಮುಂಬೈಯಿಂದ ಮುಂದಕ್ಕೆ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಟಪಾಲನ್ನು ಹೊತ್ತು ಬಳ್ಳಾರಿಗೆ ಬಂದರು, ಬಳ್ಳಾರಿಯಿಂದ ಮದರಾಸಿಗೆ ಹೋದರು.

ಬಳ್ಳಾರಿಯೇ ಯಾಕೆ? ಪುಟ್ಟ ವಿಮಾನಕ್ಕೆ ಮುಂಬೈಯಿಂದ ಮದರಾಸಿಗೆ ಒಂದೇ ಉಸಿರಿಗೆ ಹಾರುವ ಶಕ್ತಿ ಇರಲಿಲ್ಲ. ಬಳ್ಳಾರಿ ಹೆಚ್ಚು ಕಡಿಮೆ ನಡುವೆ ಸಿಗುತ್ತದೆ. ಆಗ ಅದು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಟಾಟಾ ಕಂಪನಿಯ ಮೊದಲ ಟಪಾಲು ವಿಮಾನದ ದಾರಿಯಲ್ಲಿ ಕನ್ನಡದ ಒಂದು ಊರೂ ಇತ್ತು ಅನ್ನುವುದು ನಮಗೆ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ.

ಇಲ್ಲಿ ಒಂದು ಮಾತು ಗಮನಿಸಿ. ಅವತ್ತು ದೂರವನ್ನು ಕಟ್ಟಿಹಾಕಿದ್ದು ವಿಮಾನದ ವೇಗ ಒಂದೇ ಅಲ್ಲ, ನಿಲ್ದಾಣಗಳು. ಎಲ್ಲೆಲ್ಲಿ ಇಳಿಯಬೇಕೋ ಅಲ್ಲೆಲ್ಲ ಸಮಯ ಸೋರಿಹೋಗುತ್ತಿತ್ತು. ಮುಂದಿನ 90 ವರ್ಷಗಳ ಕಥೆ ಅಂದರೆ ಈ ನಿಲ್ದಾಣಗಳು ಒಂದೊಂದಾಗಿ ಕಳಚಿಕೊಂಡ ಕಥೆ.

ಕಳಚಿಕೊಂಡ ನಿಲ್ದಾಣಗಳು

1948ರ ಜೂನ್ 8ರ ರಾತ್ರಿ ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ 'ಮಲಬಾರ್ ಪ್ರಿನ್ಸೆಸ್' ವಿಮಾನ 35 ಜನರನ್ನು ಕೂರಿಸಿಕೊಂಡು ಮುಂಬೈಯಿಂದ ಲಂಡನ್ನಿಗೆ ಹೊರಟಿತು. ದಾರಿಯಲ್ಲಿ ಕೈರೋ ಮತ್ತು ಜಿನೀವಾ. ಜೂನ್ 10ಕ್ಕೆ ಲಂಡನ್ ಮುಟ್ಟಿತು. ಹಡಗಿನ ವಾರಗಳು ಹೋಗಿ ದಿನಗಳ ಲೆಕ್ಕ ಬಂತು.

1960ರಲ್ಲಿ ಬೋಯಿಂಗ್ 707 ಜೆಟ್ ವಿಮಾನಗಳು ಬಂದವು. ಆ ವರ್ಷದ ಮೇ ತಿಂಗಳಲ್ಲಿ ಏರ್ ಇಂಡಿಯಾ ಲಂಡನ್ ಮೂಲಕ ನ್ಯೂಯಾರ್ಕಿಗೆ ಹಾರಾಟ ಶುರು ಮಾಡಿತು. ಆಮೇಲೆ ನಮ್ಮ ಹಳ್ಳಿಗಳ ಡಾಕ್ಟರುಗಳು, ಎಂಜಿನಿಯರುಗಳು ಅಮೆರಿಕಕ್ಕೆ ಹೋಗತೊಡಗಿದರು. ಅವರ ಹಿಂದೆಯೇ ಅಪ್ಪ ಅಮ್ಮಂದಿರೂ ಹೋಗಿ ನೋಡಿ ಬರತೊಡಗಿದರು. ಹೇಮಾವತಿ ದಂಡೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರು ಹಾಗೆ ಹೋಗಿ ಬಂದು ಬರೆದ 'ಅಮೆರಿಕದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇತ್ತ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟೆ ಮುಗಿದದ್ದು 1974ರಲ್ಲಿ. ಕಬಿನಿಯ ನೀರು ನಿಂತ ಕಾಲವೂ ನಮ್ಮ ಜಿಲ್ಲೆಯವರು ಸಮುದ್ರ ದಾಟತೊಡಗಿದ ಕಾಲವೂ ಹೆಚ್ಚು ಕಡಿಮೆ ಒಂದೇ.

ಆಗಲೂ ಬೆಂಗಳೂರಿನಿಂದ ನೇರ ದಾರಿ ಇರಲಿಲ್ಲ. ಮುಂಬೈಗೋ ಮದರಾಸಿಗೋ ಹೋಗಿ ಅಲ್ಲಿಂದ ಹತ್ತಬೇಕಿತ್ತು. 2001ರಲ್ಲಿ ಲುಫ್ತಾನ್ಸಾ ಕಂಪನಿ ಬೆಂಗಳೂರಿನಿಂದ ಜರ್ಮನಿಯ ಫ್ರಾಂಕ್‌ಫರ್ಟಿಗೆ ನೇರ ವಿಮಾನ ಶುರು ಮಾಡಿದ ಮೇಲೆ ಒಂದು ನಿಲ್ದಾಣ ಕಳಚಿತು. 2008ರ ಮೇ 24ರಂದು ದೇವನಹಳ್ಳಿಯ ಹೊಸ ವಿಮಾನ ನಿಲ್ದಾಣ ತೆರೆಯಿತು, ಹಳೆಯ ಎಚ್‌ಎಎಲ್ ನಿಲ್ದಾಣದಿಂದ ಸಾಮಾನ್ಯ ಪ್ರಯಾಣಿಕರ ವಿಮಾನಗಳು ನಿಂತವು. ದೊಡ್ಡ ವಿಮಾನಗಳಿಗೆ ಅನುಕೂಲವಾಯಿತು. ಆದರೆ ನಮ್ಮ ಮೈಸೂರು ಕಡೆಯವರಿಗೆ ವಿಮಾನ ನಿಲ್ದಾಣ ಊರಿನ ಆಚೆ ತುದಿಗೆ ಹೋಯಿತು. ಬೆಂಗಳೂರನ್ನು ಮುಟ್ಟಿದರೆ ಸಾಲದು, ದಾಟಬೇಕು.

ಭಾನುವಾರ ಎಲ್ಲಿ ಹೋಯಿತು?

ಕೊನೆಯ ನಿಲ್ದಾಣವೂ ಕಳಚಿದ್ದು 2021ರಲ್ಲಿ. ಜನವರಿ 9, ಶನಿವಾರ ರಾತ್ರಿ ಎಂಟೂವರೆ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಏರ್ ಇಂಡಿಯಾದ ಬೋಯಿಂಗ್ 777 ವಿಮಾನ ಹೊರಟಿತು. ಎಲ್ಲೂ ಇಳಿಯದೆ ಬೆಂಗಳೂರಿಗೆ ಬಂದು ಮುಟ್ಟಿದ್ದು ಜನವರಿ 11, ಸೋಮವಾರ ಬೆಳಗಿನ ಜಾವ. ವಿಮಾನ ನಡೆಸಿದ್ದು ಹೆಣ್ಣುಮಕ್ಕಳು: ಕ್ಯಾಪ್ಟನ್ ಜೋಯಾ ಅಗರ್‌ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ ಮತ್ತು ಶಿವಾನಿ ಮನ್ಹಾಸ್. ಟಿವಿಯಲ್ಲಿ ಅವರು ಸಾಲಾಗಿ ಹೊರಗೆ ಬಂದದ್ದನ್ನು ನಮ್ಮಲ್ಲಿ ಅನೇಕರು ನೋಡಿರಬಹುದು.

ಶನಿವಾರ ಹೊರಟು ಸೋಮವಾರ ಬಂದರೆ ಎರಡು ದಿನ ಆಯಿತಲ್ಲ ಅಂತ ಕೇಳಬಹುದು. ಇಲ್ಲ, ಹಾರಿದ್ದು ಸುಮಾರು 17 ಗಂಟೆ. ಅಲ್ಲಿನ ಗಡಿಯಾರಕ್ಕೂ ಇಲ್ಲಿನ ಗಡಿಯಾರಕ್ಕೂ ಆ ತಿಂಗಳಲ್ಲಿ ಹದಿಮೂರೂವರೆ ಗಂಟೆ ವ್ಯತ್ಯಾಸ. ಅಲ್ಲಿ ಶನಿವಾರ ರಾತ್ರಿ ಎಂಟೂವರೆ ಆಗಿದ್ದಾಗ ಇಲ್ಲಿ ಭಾನುವಾರ ಬೆಳಿಗ್ಗೆ ಹತ್ತು. ಅದಕ್ಕೆ 17 ಗಂಟೆ ಸೇರಿಸಿದರೆ ಸೋಮವಾರ ಬೆಳಗಿನ ಜಾವ ಮೂರು. ಭಾನುವಾರ ಎಲ್ಲೂ ಹೋಗಲಿಲ್ಲ, ಅವರು ಅದನ್ನು ಆಕಾಶದಲ್ಲೇ ಕಳೆದರು.

ಇನ್ನೊಂದು ವಿಷಯ ತಿಳಿದಿರಲಿ. ಕ್ಯಾಲಿಫೋರ್ನಿಯಾದಲ್ಲಿ ಮಾರ್ಚಿಯಿಂದ ನವೆಂಬರ್ ಮೊದಲ ವಾರದವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ. ಆಗ ವ್ಯತ್ಯಾಸ ಹನ್ನೆರಡೂವರೆ ಗಂಟೆ. ಮಗ ಫೋನಿನಲ್ಲಿ "ಶುಕ್ರವಾರ ರಾತ್ರಿ ಹೊರಡ್ತೀನಿ" ಅಂದರೆ ಅದು ಅಲ್ಲಿನ ಶುಕ್ರವಾರ. ನಮ್ಮ ಶುಕ್ರವಾರ ಅಂದುಕೊಂಡು ಮಣ್ಣಿನ ಹೊತ್ತು ಗೊತ್ತು ಮಾಡಿದರೆ ಲೆಕ್ಕ ತಪ್ಪುತ್ತದೆ. "ನಮ್ಮ ಗಡಿಯಾರದಲ್ಲಿ ಎಷ್ಟಕ್ಕೆ ಇಳೀತೀಯಪ್ಪ?" ಅಂತಲೇ ಕೇಳಬೇಕು.

ಕುಂಬಳಕಾಯಿ ಮೇಲೊಂದು ದಾರ

ಈ ಎರಡು ವಿಮಾನ ನಿಲ್ದಾಣಗಳ ನಡುವಿನ ನೇರ ದೂರ 13,993 ಕಿಲೋಮೀಟರ್. ನೇರ ಅಂದರೆ ಯಾವ ನೇರ?

ಶಾಲೆಯ ಗೋಡೆಯ ನಕ್ಷೆಯಲ್ಲಿ ಅಮೆರಿಕ ಎಡಕ್ಕಿದೆ, ಭಾರತ ಬಲಕ್ಕಿದೆ. ಅಡ್ಡಲಾಗಿ ಗೆರೆ ಎಳೆದರೆ ಅದೇ ನೇರ ದಾರಿ ಅನ್ನಿಸುತ್ತದೆ. ಆದರೆ ಭೂಮಿ ಕ್ಯಾಲೆಂಡರಿನ ಹಾಗೆ ಚಪ್ಪಟೆ ಇಲ್ಲ. ಮನೆಯಲ್ಲಿರುವ ಒಂದು ದುಂಡನೆಯ ಕುಂಬಳಕಾಯಿ ತಗೊಳ್ಳಿ. ತೊಟ್ಟು ಮೇಲಿರಲಿ, ಅದು ಉತ್ತರ ಧ್ರುವ. ಒಂದು ಪಕ್ಕದಲ್ಲಿ ಬೆಂಗಳೂರಿಗೆ ಒಂದು ಚುಕ್ಕಿ, ಹಿಂಬದಿಯ ಪಕ್ಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಒಂದು ಚುಕ್ಕಿ. ಎರಡರ ನಡುವೆ ದಾರ ಬಿಗಿಯಾಗಿ ಎಳೆಯಿರಿ. ದಾರ ಸೊಂಟವನ್ನು ಬಳಸಿ ಹೋಗುವುದಿಲ್ಲ, ತೊಟ್ಟಿನ ಹತ್ತಿರ ಜಾರಿಕೊಂಡು ಹೋಗುತ್ತದೆ. ಭೂಮಿಯ ಮೇಲೆ ಆ ದಾರ ಚೀನಾ, ರಷ್ಯಾದ ಸೈಬೀರಿಯಾ, ಅಲಾಸ್ಕಾ ಕಡೆ ಹಾದು ಹೋಗುತ್ತದೆ. ಇದೇ 13,993.

ಆದರೆ ಯಾವ ವಿಮಾನವೂ ದಾರದ ಮೇಲೆಯೇ ಹಾರುವುದಿಲ್ಲ. 2021ರ ಆ ವಿಮಾನ ಉತ್ತರ ಧ್ರುವ ಪ್ರದೇಶದ ಮೇಲಿಂದ ಬಂತು, ಹಾರಿದ ದೂರ ಸುಮಾರು 16,000 ಕಿಲೋಮೀಟರ್ ಎಂದು ಪತ್ರಿಕೆಗಳು ಬರೆದವು. ಬೆಂಗಳೂರಿನಿಂದ ದೆಹಲಿಗೆ ರಸ್ತೆಯಲ್ಲಿ ಹೋಗುವಷ್ಟು ದೂರ ಹೆಚ್ಚು. ಇಷ್ಟು ಸುತ್ತು ಯಾಕೆ?

ಮೊದಲ ಕಾರಣ ಗಾಳಿ. ನಮ್ಮ ಕಬಿನಿ ತುಂಬಿದಾಗ ನೀರಿನ ಮಟ್ಟ ಸಮುದ್ರಕ್ಕಿಂತ 2,284 ಅಡಿ ಮೇಲೆ ಅಂತ ಪ್ರತಿ ಮಳೆಗಾಲ ಪೇಪರಿನಲ್ಲಿ ಓದುತ್ತೇವೆ. ವಿಮಾನ ಹಾರುವುದು 35,000 ಅಡಿ ಆಸುಪಾಸಿನಲ್ಲಿ. ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಂಟೆಗೆ 150, 200 ಕಿಲೋಮೀಟರ್ ವೇಗದಲ್ಲಿ, ಕೆಲವೊಮ್ಮೆ ಅದಕ್ಕಿಂತಲೂ ಜೋರಾಗಿ ಗಾಳಿಯ ಹೊಳೆ ಹರಿಯುತ್ತಿರುತ್ತದೆ. ಹೊಳೆಯಲ್ಲಿ ತೆಪ್ಪ ಹಾಕಿದವರಿಗೆ ಇದು ಹೇಳಬೇಕಿಲ್ಲ: ಹರಿವಿನ ಜೊತೆ ಹೋದರೆ ಹಗುರ, ಎದುರು ಹೋದರೆ ಕಷ್ಟ. ಎದುರು ಗಾಳಿಯಲ್ಲಿ ಬರುವುದಕ್ಕಿಂತ ಧ್ರುವದ ಕಡೆ ಸುತ್ತಿಕೊಂಡು ಬಂದರೆ ಇಂಧನವೂ ಉಳಿಯುತ್ತದೆ, ಹೊತ್ತೂ ಉಳಿಯುತ್ತದೆ. ಹೋಗುವಾಗ ಪೆಸಿಫಿಕ್ ಸಾಗರದ ಮೇಲೆ ಹೋದರೆ ಅದೇ ಗಾಳಿ ಬೆನ್ನಿಗೆ ಸಿಗುತ್ತದೆ.

ಎರಡನೆಯ ಕಾರಣ ಬೆಟ್ಟ. ನೇರ ದಾರಿ ಹಿಮಾಲಯ, ಟಿಬೆಟ್ ಮೇಲೆ ಹಾಯುತ್ತದೆ. ಬೈಲಕುಪ್ಪೆ, ಗುರುಪುರದಲ್ಲಿ ನೆಲೆಸಿರುವ ಟಿಬೆಟಿಯನ್ನರ ಆ ತಾಯ್ನಾಡಿನ ನೆಲವೇ ಬಹಳ ಎತ್ತರ. ವಿಮಾನದೊಳಗಿನ ಗಾಳಿಯ ಒತ್ತಡ ಏನಾದರೂ ಇಳಿದರೆ ಪೈಲಟ್ ಬೇಗ 10,000 ಅಡಿಗೆ ಇಳಿಸಬೇಕು, ಜನ ಸಹಜವಾಗಿ ಉಸಿರಾಡುವ ಎತ್ತರ ಅದು. ಟಿಬೆಟ್ ಮೇಲೆ ಇದ್ದಾಗ ಹಾಗೆ ಇಳಿಯಲು ಜಾಗವೇ ಇಲ್ಲ, ಕೆಳಗೆ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಅದಕ್ಕೇ ವಿಮಾನಗಳು ಆ ಪ್ರಸ್ಥಭೂಮಿಯನ್ನು ಸಾಮಾನ್ಯವಾಗಿ ಬಳಸಿಕೊಂಡು ಹೋಗುತ್ತವೆ.

ಇಷ್ಟು ದೂರಕ್ಕೆ ಎಷ್ಟು ಇಂಧನ ಬೇಕು ಗೊತ್ತೆ? ಆ ಬಗೆಯ ವಿಮಾನದ ಟ್ಯಾಂಕಿಗೆ 1 ಲಕ್ಷ 80 ಸಾವಿರ ಲೀಟರಿಗೂ ಹೆಚ್ಚು ಹಿಡಿಯುತ್ತದೆ. 12,000 ಲೀಟರಿನ 15 ಟ್ಯಾಂಕರ್ ಲಾರಿ ಸಾಲಾಗಿ ನಿಂತ ಹಾಗೆ. ಎತ್ತಿನ ಗಾಡಿಯಲ್ಲಿ ಡಬ್ಬ ತಂದು ತುಂಬಿಸಿದ ಕಾಲದಿಂದ ಇಲ್ಲಿಗೆ 89 ವರ್ಷ.

ಮುಚ್ಚುವ ಆಕಾಶ

ವರ್ಷ ಕಳೆದ ಹಾಗೆಲ್ಲ ಪ್ರಯಾಣದ ಹೊತ್ತು ಕಡಿಮೆಯಾಗುತ್ತಲೇ ಹೋಗುತ್ತದೆ ಅಂತ ನಾವೂ ಅಂದುಕೊಂಡಿದ್ದೆವು. ಹಾಗಿಲ್ಲ. ಆಕಾಶಕ್ಕೂ ಗಡಿ ಇದೆ, ಬೇಲಿ ಇದೆ.

ಸೋವಿಯತ್ ಒಕ್ಕೂಟ ಇದ್ದಷ್ಟು ಕಾಲ ಸೈಬೀರಿಯಾ ಮೇಲಿನ ಈ ಧ್ರುವದ ದಾರಿ ತೆರೆದಿರಲಿಲ್ಲ. ಅದು 1991ರಲ್ಲಿ ಒಡೆದ ಮೇಲೆ ನಿಧಾನವಾಗಿ ತೆರೆಯಿತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ರಷ್ಯಾ ತನ್ನ ಆಕಾಶವನ್ನು ಅಮೆರಿಕ, ಯುರೋಪಿನ ವಿಮಾನಗಳಿಗೆ ಮತ್ತೆ ಮುಚ್ಚಿತು. ಭಾರತದ ವಿಮಾನಗಳಿಗೆ ಮುಚ್ಚಲಿಲ್ಲ. ಆದರೆ ಆ ದಾರಿಯ ಕಷ್ಟ 2023ರ ಜೂನ್ 6ರಂದು ಕಂಡಿತು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ತುದಿಯ ಮಗದಾನ್ ಅನ್ನುವ ಊರಲ್ಲಿ ಇಳಿಯಬೇಕಾಯಿತು. 200ಕ್ಕೂ ಹೆಚ್ಚು ಜನ ಗೊತ್ತಿಲ್ಲದ ಊರಲ್ಲಿ ಕಾದು, ಬೇರೊಂದು ವಿಮಾನ ಬಂದ ಮೇಲೆ ಮುಂದೆ ಹೋದರು.

2025ರ ಏಪ್ರಿಲಿನಲ್ಲಿ ಪಹಲ್ಗಾಮ್ ದಾಳಿಯ ನಂತರ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು, ಭಾರತವೂ ಅವರಿಗೆ ಮುಚ್ಚಿತು. ಯುರೋಪು, ಅಮೆರಿಕಕ್ಕೆ ಹೋಗುವ ನಮ್ಮ ಅನೇಕ ವಿಮಾನಗಳು ಸುತ್ತಿಕೊಂಡು ಹೋಗಬೇಕಾಯಿತು, ಕೆಲವು ಮಧ್ಯದಲ್ಲಿ ಇಂಧನಕ್ಕಾಗಿಯೇ ಇಳಿಯಬೇಕಾಯಿತು. ಕಳಚಿದ್ದ ನಿಲ್ದಾಣ ಮತ್ತೆ ಅಂಟಿಕೊಂಡಿತು. ದೂರ ಒಂದು ಮೀಟರ್ ಕೂಡ ಹೆಚ್ಚಲಿಲ್ಲ, ಪ್ರಯಾಣ ಮಾತ್ರ ಉದ್ದವಾಯಿತು. ಎಲ್ಲೋ ಇಬ್ಬರು ಜಗಳವಾಡಿದರೆ ಬೀಚನಹಳ್ಳಿಯ ಒಂದು ಮನೆಯವರು ಇನ್ನೂ ಕೆಲವು ಗಂಟೆ ಕಾಯಬೇಕಾಗುತ್ತದೆ.

ಕೊನೆಯ 240 ಕಿಲೋಮೀಟರ್

ಈಗ ನೆಲಕ್ಕೆ ಇಳಿಯೋಣ.

ದೇವನಹಳ್ಳಿಯಿಂದ ಬೆಂಗಳೂರು ದಾಟಿ, ಮೈಸೂರಿಗೆ ಬಂದು, ಎಚ್.ಡಿ. ಕೋಟೆ ರಸ್ತೆ ಹಿಡಿದು ಬೀಚನಹಳ್ಳಿ ಮುಟ್ಟಲು ಸುಮಾರು 240 ಕಿಲೋಮೀಟರ್. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆಯಾದ ಮೇಲೆ ನಡುವಿನ ದಾರಿ ಬೇಗ ಸಾಗುತ್ತದೆ. ಆದರೆ ಬೆಂಗಳೂರು ಊರೊಳಗಿನ ದಟ್ಟಣೆ, ಮೈಸೂರಿನಿಂದ ಈಚೆಗಿನ ರಸ್ತೆ ಎಲ್ಲ ಸೇರಿ ಐದಾರು ಗಂಟೆ ಹಿಡಿಯುತ್ತದೆ. ಸ್ವಂತ ಗಾಡಿ ಇಲ್ಲದೆ ಕೆಎಸ್‌ಆರ್‌ಟಿಸಿ ಫ್ಲೈಬಸ್ಸಿನಲ್ಲಿ ಮೈಸೂರಿಗೆ ಬಂದು, ಅಲ್ಲಿಂದ ಕೋಟೆ ಬಸ್ಸು, ಅಲ್ಲಿಂದ ಊರಿನ ಬಸ್ಸು ಅಂದರೆ ಇನ್ನೂ ಹೆಚ್ಚು.

ಲೆಕ್ಕ ಹಾಕಿ ನೋಡಿ. ಹದಿನಾಲ್ಕು ಸಾವಿರ ಕಿಲೋಮೀಟರಿಗೆ 17 ಗಂಟೆ, 240 ಕಿಲೋಮೀಟರಿಗೆ 6 ಗಂಟೆ. ದೂರದಲ್ಲಿ ನೂರಕ್ಕೆ ಎರಡು ಪಾಲೂ ಇಲ್ಲದ ಈ ಕೊನೆಯ ತುಂಡು, ಹೊತ್ತಿನಲ್ಲಿ ಕಾಲು ಪಾಲು ತಿನ್ನುತ್ತದೆ.

ಹತ್ತಿರ ಬೇರೆ ವಿಮಾನ ನಿಲ್ದಾಣ ಇಲ್ಲವೇ? ಇದೆ. ಮೈಸೂರಿನ ಮಂಡಕಳ್ಳಿಯಲ್ಲಿ 1940ರ ದಶಕದಲ್ಲೇ ಮೈಸೂರು ಸಂಸ್ಥಾನ ವಿಮಾನ ನಿಲ್ದಾಣ ಮಾಡಿತ್ತು. ಅದನ್ನು ಹೊಸದಾಗಿ ಕಟ್ಟಿ 2010ರ ಮೇ ತಿಂಗಳಲ್ಲಿ ತೆರೆದರು. ಆದರೆ ಅಲ್ಲಿನ ರನ್‌ವೇ ಉದ್ದ 1,740 ಮೀಟರ್. ಸಣ್ಣ ವಿಮಾನಗಳಿಗೆ ಸಾಕು, ಸಮುದ್ರ ದಾಟುವ ವಿಮಾನಗಳಿಗೆ ಸಾಲದು. ಅಲ್ಲಿಂದ ಹಾರುವ ವಿಮಾನಗಳೂ ಬರುತ್ತವೆ, ನಿಲ್ಲುತ್ತವೆ, ಮತ್ತೆ ಬರುತ್ತವೆ.

ಕೇರಳದ ಕಣ್ಣೂರು ವಿಮಾನ ನಿಲ್ದಾಣ 2018ರ ಡಿಸೆಂಬರ್ 9ರಂದು ತೆರೆಯಿತು. ಹಕ್ಕಿ ಹಾರುವ ಲೆಕ್ಕದಲ್ಲಿ ಕೋಟೆ ಕಡೆಯವರಿಗೆ ಅದು ದೇವನಹಳ್ಳಿಗಿಂತ ಎಷ್ಟೋ ಹತ್ತಿರ. ಗಲ್ಫ್ ದೇಶಗಳಿಂದ ಬರುವವರಿಗೆ ಅದು ಅನುಕೂಲ. ಆದರೆ ಬಾವಲಿ ಕಡೆಯ ಕಾಡಿನ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಅದು ಆನೆ, ಹುಲಿಗಳ ಹೊತ್ತು, ಬೇಡ ಅನ್ನುವಂತಿಲ್ಲ. ಧ್ರುವವನ್ನು ರಾತ್ರಿಯಲ್ಲೂ ದಾಟಬಹುದು, ನಾಗರಹೊಳೆಯನ್ನು ದಾಟಲಾಗದು.

ಹಾಗಾದರೆ ಏನು ಹೇಳಬೇಕು?

ನಾವು ಕಂಡಂತೆ ಇಷ್ಟು. ಹಾರಾಟದ ಗಂಟೆ ಒಂದನ್ನೇ ಹಿಡಿದು ಹೊತ್ತು ಗೊತ್ತು ಮಾಡಬೇಡಿ. ಮೊದಲು, ಮುಂದಿನ ವಿಮಾನ ಯಾವಾಗ ಅಂತ ಕೇಳಿ, ಎಲ್ಲ ದಾರಿಯಲ್ಲೂ ದಿನಾ ವಿಮಾನ ಇರುವುದಿಲ್ಲ. ಎಲ್ಲೆಲ್ಲಿ ಇಳಿದು ಹತ್ತುತ್ತಾರೆ, ಅಲ್ಲಿ ಎಷ್ಟು ಕಾಯಬೇಕು ಅಂತ ಕೇಳಿ. ಹೊರಡುವ ಮೊದಲು ವಿಮಾನ ನಿಲ್ದಾಣದಲ್ಲಿ ಸುಮಾರು ಮೂರು ಗಂಟೆ, ಬೆಂಗಳೂರಿನಲ್ಲಿ ಇಳಿದ ಮೇಲೆ ತಪಾಸಣೆ ಮುಗಿಸಿ ಹೊರಗೆ ಬರಲು ಒಂದು ಗಂಟೆ, ಅಲ್ಲಿಂದ ಊರಿಗೆ ಆರು ಗಂಟೆ ಸೇರಿಸಿ. ನೇರ ವಿಮಾನವೇ ಸಿಕ್ಕರೂ ಅಲ್ಲಿಯ ಮನೆ ಬಿಟ್ಟು ಇಲ್ಲಿಯ ಮನೆ ಸೇರಲು ಒಂದು ದಿನ ದಾಟುತ್ತದೆ. ನಡುವೆ ಇಳಿದು ಹತ್ತಬೇಕಾದರೆ ಒಂದೂವರೆ ದಿನ ಅಂತ ಇಟ್ಟುಕೊಳ್ಳಿ.

ಆಮೇಲೆ ಕಾಯುವುದೋ ಬಿಡುವುದೋ ಮನೆಯವರಿಗೆ ಬಿಟ್ಟದ್ದು. ಕಾದ ಮನೆಗಳೂ ಇವೆ, ಕಾಯದ ಮನೆಗಳೂ ಇವೆ. ಎರಡರಲ್ಲೂ ತಪ್ಪಿಲ್ಲ. ಆದರೆ ಒಂದು ಮಾತು ಆಗಬಾರದು. "ಹದಿನೇಳು ಗಂಟೆ ದಾರಿಯಂತೆ, ಮನಸ್ಸು ಮಾಡಿದ್ದರೆ ಬರಬಹುದಿತ್ತು" ಅಂತ ತಿಥಿಯ ದಿನದವರೆಗೂ ಆಡಿಕೊಳ್ಳುವವರನ್ನು ನಾವು ಕೇಳಿದ್ದೇವೆ. ಬಂದವನು ಹಿತ್ತಲಲ್ಲಿ ಒಬ್ಬನೇ ನಿಂತಿರುವುದನ್ನೂ ನೋಡಿದ್ದೇವೆ. ಗಾಳಿ, ಬೆಟ್ಟ, ಗಡಿ, ರನ್‌ವೇ, ಬೆಂಗಳೂರಿನ ಸಿಗ್ನಲ್, ಕಾಡಿನ ಗೇಟು, ಇಷ್ಟನ್ನು ದಾಟಿ ಅವನು ಬಂದಿರುತ್ತಾನೆ. ತಡವಾದದ್ದು ಅವನ ಮನಸ್ಸಿನಿಂದಲ್ಲ.

ಇನ್ನೊಂದು ಸಲ ಶಾಮಿಯಾನದ ಕೆಳಗೆ ಯಾರಾದರೂ "ಎಷ್ಟು ಹೊತ್ತಿಗೆ ಬತ್ತಾರಂತೆ?" ಅಂತ ಕೇಳಿದರೆ, ಫೋನ್ ತೋರಿಸುವ ಗಂಟೆಯ ಜೊತೆ ಈ ಲೆಕ್ಕವನ್ನೂ ಹೇಳಿ.